ನಲವತ್ನಾಲ್ಕು ಮೆಟ್ಟಿಲು

ಮಾರ್ಚ್ 4, ಸೋಮವಾರ

ಇವತ್ತು ಮ್ಯಾನೇಜರ್ ನನ್ನನ್ನು ಕೂರಿಸಿ ಚಹಾ ತರಿಸಿದ. ಆಗಲೇ ಅನುಮಾನ ಬಂತು. ಕಂಪನಿಯವರು ನಮ್ಮ ಅಂಗಡಿಯನ್ನು ಹಳೇ ಯಜಮಾನರಿಂದ ಕೊಂಡುಕೊಂಡು ಎಂಟು ತಿಂಗಳಾಯಿತು, ಒಂದು ದಿನವೂ ಈ ಮನುಷ್ಯ ನನಗೆ ಕೂತ್ಕೊಳ್ಳಿ ಅಂದವನಲ್ಲ. ಚಹಾ ಅರ್ಧ ಆಗುವ ಹೊತ್ತಿಗೆ ವಿಷಯ ಹೊರಬಿತ್ತು. ನನ್ನ ಕರಾರು ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ. ನೋಯುವ ಕಾಲು, ಸೊಟ್ಟ ಕಾಲು, ಬೆರಳಿಲ್ಲದ ಕಾಲು ಎಲ್ಲಕ್ಕೂ ಇಪ್ಪತ್ತಮೂರು ವರ್ಷ ಅಳತೆ ತೆಗೆದು ಶೂ ಮಾಡಿಸಿಕೊಟ್ಟವನಿಗೆ ಅರ್ಧ ಲೋಟ ಚಹಾದಲ್ಲಿ ವಿದಾಯ. ಉಳಿದರ್ಧ ನಾನು ಕುಡಿಯಲಿಲ್ಲ.

ಆಮೇಲೆ ಕರಾರಿನ ಕಾಗದ ತೆಗೆದು ಒಂಬತ್ತನೇ ಕಲಮಿನ ಮೇಲೆ ಬೆರಳಿಟ್ಟು ತೋರಿಸಿದ. ಕೆಲಸದ ಅವಧಿಯಲ್ಲಿ ಗಳಿಸಿದ ಎಲ್ಲ ಮಾಹಿತಿಯನ್ನು, ಅದು ಬರಹದಲ್ಲಿರಲಿ ನೆನಪಿನಲ್ಲಿರಲಿ, ಕೆಲಸ ಬಿಡುವ ಮುನ್ನ ಕಂಪನಿಗೆ ಒಪ್ಪಿಸತಕ್ಕದ್ದು. ಕೆಳಗೆ ನನ್ನದೇ ಸಹಿ. ಒಪ್ಪಿಸಿದರೆ ರಿಲೀವಿಂಗ್ ಲೆಟರ್, ಇಲ್ಲದಿದ್ದರೆ ಇಲ್ಲ. ಆ ಲೆಟರ್ ಇಲ್ಲದೆ ದೊಡ್ಡಾಸ್ಪತ್ರೆಯ ಪಾದದ ವಿಭಾಗದವರು ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ಅಲ್ಲೊಂದು ಜಾಗ ಖಾಲಿಯಾಗುತ್ತದೆ ಎಂದು ನಾನು ಮನೆಯ ಹೊರಗೆ ಯಾರಿಗೂ ಹೇಳಿಲ್ಲ. ಮ್ಯಾನೇಜರನಿಗೆ ಅದೂ ಗೊತ್ತಿತ್ತು! ಹೇಗೆ ಗೊತ್ತಾಯಿತು?

ಈ ಪುಸ್ತಕವನ್ನು ಮನೆಗೆ ಬರುವ ದಾರಿಯಲ್ಲಿ ಕೊಂಡೆ. ಯಾರು ಯಾವತ್ತು ಏನಂದರು ಎಂದು ಬರೆದಿಡಬೇಕು. ನಾಳೆ ಮಾತು ತಿರುಗಿಸುವವರು ಇವರು.

ಮಾರ್ಚ್ 6, ಬುಧವಾರ

ನನ್ನ ಜಾಗಕ್ಕೆ ಬರುವವಳು ಬಂದಳು. ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು, ಶೂ ತಯಾರಿಕೆಯಲ್ಲಿ ಮೂರು ವರ್ಷ ಓದಿದ್ದಾಳಂತೆ. ಕೊರಳಲ್ಲಿ ಟೇಪು, ಕಂಕುಳಲ್ಲಿ ದಪ್ಪ ಪುಸ್ತಕ. ಬಂದು ಕೂತ ಅರ್ಧ ಗಂಟೆಯಲ್ಲಿ ಹನ್ನೆರಡು ಪ್ರಶ್ನೆ ಕೇಳಿದಳು, ನಾನು ಎಣಿಸಿದೆ. ಪಾದದಾಕಾರದ ಅಚ್ಚಿಗೆ ಈ ಮರವೇ ಯಾಕೆ, ಹೆಬ್ಬೆರಳಿನ ಗಂಟಿಗೆ ಎಷ್ಟು ಸಡಿಲ ಬಿಡಬೇಕು, ಕೆಲವರ ಅಳತೆಯ ಕಾರ್ಡಿನ ಮೂಲೆಯಲ್ಲಿ ಕೆಂಪು ಚುಕ್ಕೆ ಯಾಕಿದೆ. ಮನಸ್ಸಿನಲ್ಲೇ ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟೆ.

ಕೆಂಪು ಚುಕ್ಕೆಯದನ್ನು ಹೇಳಿದೆ. ಅದು ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರ ಗುರುತು. ಅವರಿಗೆ ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ, ಶೂ ಕಚ್ಚಿ ಹುಣ್ಣಾದರೂ ಗೊತ್ತಾಗುವುದಿಲ್ಲ. ಅವರ ಅಳತೆಯಲ್ಲಿ ಒಂದು ಕೂದಲೆಳೆ ತಪ್ಪಬಾರದು. ಅವಳು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು.

ಮಾತು ಮಾತಿಗೂ ಸರ್ ಅನ್ನುತ್ತಾಳೆ. ಕೆಲಸ ಕಿತ್ತುಕೊಳ್ಳಲು ಬಂದವರೇ ಹೆಚ್ಚು ಸರ್ ಅನ್ನುವುದು.

ಮಾರ್ಚ್ 7, ಗುರುವಾರ

ಭಾವಮೈದ ವಕೀಲರ ಆಫೀಸಿನಲ್ಲಿ ಟೈಪ್ ಮಾಡುವವನು. ಕಾನೂನು ಅವನ ಬೆರಳ ತುದಿಯಲ್ಲಿ ಮಾತ್ರ ಇದೆ, ತಲೆಯಲ್ಲಿ ಎಷ್ಟಿದೆಯೋ ಕಾಣೆ. ಆದರೂ ಕಾಗದ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದ.

"ನೋಡಿ ಭಾವ, ಕೇಳಿದ್ದಕ್ಕೆ ಉತ್ತರ ಕೊಡಿ. ಕೇಳದೆ ಇದ್ದದ್ದನ್ನ ನೀವಾಗಿ ಹೇಳೋಕೆ ಹೋಗ್ಬೇಡಿ. ನೆನಪಲ್ಲಿರೋದನ್ನ ಅವ್ರೇನು ತಲೆ ಬಗ್ಗಿಸಿ ಸುರ್ಕೊಳ್ತಾರಾ?"

ನನ್ನಾಕೆ ಒಳಗಿನಿಂದಲೇ, "ಹೇಳಿಬಿಟ್ರೆ ಏನು ಕರಗಿ ಹೋಗ್ತೀರಾ? ಗಂಟು ಕಟ್ಕೊಂಡು ಹೋಗಿ ಯಾರಿಗೆ ಕೊಡ್ತೀರಿ?" ಅಂದಳು. ಇವಳನ್ನು ಯಾರಾದರೂ ಮಾತಾಡಿಸಿದ್ದಾರೆಯೇ? ಮೊನ್ನೆ ಮಾರುಕಟ್ಟೆಯಲ್ಲಿ ಮ್ಯಾನೇಜರನ ಹೆಂಡತಿ ಸಿಕ್ಕಿದ್ದಳಂತೆ, ಅಷ್ಟು ಹೊತ್ತು ನಿಂತು ಮಾತಾಡಿದರಂತೆ. ಆಸ್ಪತ್ರೆಯ ಜಾಗದ ಸುದ್ದಿ ಹೊರಗೆ ಹೋದ ದಾರಿ ಇದೇ ಇರಬೇಕು. ಈ ಪುಸ್ತಕವನ್ನು ಕಪಾಟಿನಲ್ಲಿ ಹೊದಿಕೆಗಳ ಕೆಳಗೆ ಇಡುತ್ತೇನೆ.

ಮಾರ್ಚ್ 12, ಮಂಗಳವಾರ

ಪ್ರಶ್ನೆಪತ್ರಿಕೆ ಮೆಟ್ಟಿಲು ಎಣಿಸುತ್ತಿದ್ದಳು. ಕೆಳಗಿನಿಂದ ಮೇಲಿನವರೆಗೆ ತುಟಿ ಅಲ್ಲಾಡಿಸುತ್ತ ಬಂದಳು. ಬಾಗಿಲಲ್ಲಿ ನನ್ನನ್ನು ಕಂಡು, "ನಲವತ್ನಾಲ್ಕು ಇದೆ ಸರ್," ಅಂದಳು. ಕಾರ್ಡು ಹುಡುಕುವ ನೆಪದಲ್ಲಿ ಒಳಗೆ ಸರಿದೆ.

ಇಲ್ಲಿ ಬರೆದರೆ ತಪ್ಪಿಲ್ಲ. ಮೊದಲು ನಾವು ಅಳತೆ ತೆಗೆಯುತ್ತಿದ್ದದ್ದು ನೆಲಮಹಡಿಯಲ್ಲಿ. ಆಗ ಹತ್ತು ಜೊತೆಯಲ್ಲಿ ಮೂರು ವಾಪಸ್ ಬರುತ್ತಿದ್ದವು, ಬಿಗಿ ಅಂತ. ಒಂದು ವರ್ಷ ಕೆಳಗಿನ ಕೋಣೆ ಸೋರತೊಡಗಿ, ಯಜಮಾನರು ನನ್ನನ್ನು ಟೇಪು ಕಾರ್ಡು ಸಮೇತ ಎರಡನೇ ಮಹಡಿಗೆ ಕಳಿಸಿದರು. ವಾಪಸ್ ಬರುವುದು ನಿಂತಿತು. ನನ್ನ ಕೈ ಪಳಗಿತು ಎಂದುಕೊಂಡು ಬೀಗುತ್ತ ತಿರುಗಿದೆ. ಎರಡು ವರ್ಷ ಬೇಕಾಯಿತು ನಿಜ ತಿಳಿಯಲು. ನಲವತ್ನಾಲ್ಕು ಮೆಟ್ಟಿಲು ಹತ್ತಿ ಬಂದ ಪಾದಕ್ಕೆ ರಕ್ತ ಇಳಿದು ಅದು ತನ್ನ ನಿಜವಾದ ಅಗಲಕ್ಕೆ ಬಂದಿರುತ್ತದೆ. ಕೂತು ತಣ್ಣಗಾದ ಪಾದಕ್ಕಿಂತ ಸುತ್ತಳತೆ ಒಂದು ನೂಲು ಹೆಚ್ಚು. ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಪಾಲು. ಅಷ್ಟೇ ಸಾಕು ಶೂ ಕಚ್ಚಲು.

ಮೆಟ್ಟಿಲು ಹತ್ತುತ್ತ ಎಲ್ಲರೂ ನನ್ನನ್ನು ಬೈಯುತ್ತಾರೆ. ಕಾಲು ನೋವಿನವರನ್ನು ಎರಡು ಮಹಡಿ ಹತ್ತಿಸುವ ಪುಣ್ಯಾತ್ಮ ಎಂದು. ಹತ್ತಲಾಗದವರ ಮನೆಗೆ ಸಂಜೆ ಹೊತ್ತು ನಾನೇ ಹೋಗುತ್ತೇನೆ, ಅದೂ ಇದೇ ಕಾರಣಕ್ಕೆ; ದಿನವಿಡೀ ಓಡಾಡಿದ ಪಾದ ಸಂಜೆಗೆ ಹಾಗೇ ಅಗಲವಾಗಿರುತ್ತದೆ. ಯಜಮಾನರಿಗೂ ಹೇಳಿರಲಿಲ್ಲ. ಇದು ನನ್ನದು. ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲ.

ಮಾರ್ಚ್ 13, ಬುಧವಾರ

ಕೇಳಿಯೇ ಬಿಟ್ಟಳು.

"ಸರ್, ಎಲ್ರನ್ನೂ ಇಷ್ಟು ಮೇಲೆ ಯಾಕೆ ಹತ್ತಿಸ್ತೀರಿ? ಕಾಲು ನೋವಿರೋರು ಪಾಪ."

ಹಿಂದೆ ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದ. ಇದನ್ನು ಕೇಳು ಎಂದು ಅವನೇ ಕಳಿಸಿದ್ದು ಎಂಬುದರಲ್ಲಿ ಸಂಶಯವೇ ಬೇಡ. ಭಾವಮೈದ ಕೇಳದ್ದನ್ನು ಹೇಳಬೇಡಿ ಅಂದಿದ್ದ, ಕೇಳಿದರೆ ಏನು ಮಾಡಬೇಕೆಂದು ಹೇಳಿರಲಿಲ್ಲ.

"ಬೆಳಕು," ಅಂದೆ. "ಇಲ್ಲಿ ಬೆಳಕು ಚೆನ್ನಾಗಿದೆ."

"ಅಷ್ಟೇನಾ?"

"ಅಷ್ಟೇ."

ಬೆಳಕು ಎಂದು ಬರೆದುಕೊಂಡಳು. ಕಿಟಕಿಯ ಕಡೆ ನೋಡಿ ತಲೆಯಾಡಿಸಿದಳು. ಹೌದಲ್ಲ, ನನಗೆ ಹೊಳೆಯಲೇ ಇಲ್ಲ ಎನ್ನುವ ಹಾಗೆ.

ಮಾರ್ಚ್ 20, ಬುಧವಾರ

ಹುಡುಗಿಯ ಕೈ ಚೆನ್ನಾಗಿದೆ. ಟೇಪು ಎಳೆಯುವಾಗ ಉಸಿರು ಹಿಡಿಯುತ್ತಾಳೆ, ನಾನು ಹೇಳಿಕೊಟ್ಟದ್ದಲ್ಲ. ಒಬ್ಬ ಅಜ್ಜಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, "ಇಲ್ಲಿ ನೋಯುತ್ತಾ ಅಜ್ಜಿ?" ಎಂದು ನಾನು ಮೂರು ವರ್ಷದಲ್ಲಿ ಕಂಡುಹಿಡಿಯದ ಜಾಗವನ್ನೇ ಒತ್ತಿದಳು. ಅಜ್ಜಿ ಅವಳ ತಲೆ ಸವರಿದಳು.

ಇಷ್ಟು ಗೊತ್ತಿರುವವಳು ನನ್ನನ್ನು ಯಾಕೆ ಕೇಳಬೇಕು? ಪರೀಕ್ಷೆ ಮಾಡುತ್ತಿದ್ದಾಳೆ. ನಾನು ಎಲ್ಲಿ ಸುಳ್ಳು ಹೇಳುತ್ತೇನೆ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾಳೆ.

ಮಾರ್ಚ್ 27, ಬುಧವಾರ

ನೆಲಮಹಡಿಯಲ್ಲಿ ಎಲೆಕ್ಟ್ರಿಷಿಯನ್ ಏಣಿ ಹಾಕಿದ್ದ. ಆರು ದೊಡ್ಡ ದೀಪ, ಗೋಡೆಗೆ ಬಿಳಿ ಬಣ್ಣ. ಅವಳೇ ಮ್ಯಾನೇಜರನ ಬೆನ್ನು ಹತ್ತಿ ಮಾಡಿಸಿದ್ದಂತೆ. ಓಡಿ ಬಂದು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಳು.

"ನೋಡಿ ಸರ್, ನಿಮ್ಮ ಕಿಟಕಿಗಿಂತ ಹೆಚ್ಚು ಬೆಳಕು. ಇನ್ನು ಯಾರೂ ಮೆಟ್ಟಿಲು ಹತ್ತೋದು ಬೇಡ."

ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿದೆ. ಮೂರು ವರ್ಷ ಓದಿದವಳನ್ನು ಒಂದೇ ಶಬ್ದದಲ್ಲಿ ಮಣ್ಣುಮುಕ್ಕಿಸಿದೆ. ಮನೆಗೆ ಬಂದು ಇದನ್ನು ಹೇಳಿದಾಗ ನನ್ನಾಕೆ ನಗಲಿಲ್ಲ. ಅವಳಿಗೆ ಪೂರ್ತಿ ವಿಷಯ ಗೊತ್ತಿಲ್ಲ, ಅದಕ್ಕೆ.

ಮಾರ್ಚ್ 30, ಶನಿವಾರ

ಒಪ್ಪಿಸಿದ್ದು: ಸಾವಿರದ ನೂರ ನಲವತ್ತು ಕಾರ್ಡು, ಆರುನೂರು ಚಿಲ್ಲರೆ ಮರದ ಅಚ್ಚು, ಎರಡು ಟೇಪು, ಬೀಗದ ಕೈ. ನನ್ನಲ್ಲಿ ಕಂಪನಿಯ ಮಾಹಿತಿ ಏನೂ ಉಳಿದಿಲ್ಲ ಎಂಬ ಕಾಗದಕ್ಕೆ ಸಹಿ. ಸಹಿ ಮಾಡುವ ಮುಂಚೆ ಪ್ರತಿ ಪುಟವನ್ನೂ ಮೂರು ಸಲ ಓದಿದೆ, ಎಲ್ಲಾದರೂ ಸಣ್ಣಕ್ಷರದಲ್ಲಿ ಏನಾದರೂ ಸೇರಿಸಿದ್ದಾರೆಯೇ ಎಂದು. ಮ್ಯಾನೇಜರ್ ಗಡಿಯಾರ ನೋಡುತ್ತಿದ್ದ. ನೋಡಲಿ.

ಹೊರಡುವಾಗ ಅವಳು ಪುಸ್ತಕ ಹಿಡಿದುಕೊಂಡೇ ಬಂದಳು. "ಇನ್ನೇನಾದ್ರೂ ಉಳಿದಿದೆಯಾ ಸರ್? ಸಣ್ಣದಾದ್ರೂ ಪರವಾಗಿಲ್ಲ."

ಇಲ್ಲ ಅಂದೆ. ಥ್ಯಾಂಕ್ಸ್ ಸರ್, ನೀವು ಒಂದನ್ನೂ ಮುಚ್ಚಿಡಲಿಲ್ಲ, ಬೇರೆಯವರಾಗಿದ್ದರೆ ಹೇಳುತ್ತಿರಲಿಲ್ಲ ಎಂದಳು. ಕುಹಕವೋ ನಿಜವೋ ಮುಖದಲ್ಲಿ ಗೊತ್ತಾಗಲಿಲ್ಲ. ಲೆಟರ್ ಕೈಗೆ ಬಂತು.

ಏಪ್ರಿಲ್ 11, ಗುರುವಾರ

ಕಟಿಂಗ್ ಶಾಪಿಗೆ ಹೋಗಿದ್ದೆ. ಅಂಗಡಿಯವನು ನನಗೆ ಹದಿನೈದು ವರ್ಷದ ಗೆಳೆಯ, ಅವನ ಕತ್ತರಿಗಿಂತ ನಾಲಿಗೆ ಚುರುಕು. ಅವನದೂ ಕೆಂಪು ಚುಕ್ಕೆಯ ಕಾಲು. ದಿನವಿಡೀ ನಿಂತು ಮಾಡುವ ಕೆಲಸ, ನನ್ನ ಶೂ ಇಲ್ಲದೆ ಅವನಿಗೆ ನಡೆಯದು.

"ಮೇಸ್ತ್ರಿ, ಹೊಸ ಜೊತೆಗೆ ಅಳತೆ ಕೊಟ್ಟು ಬಂದೆ. ನೀವು ಹೋದದ್ದೇ ಒಳ್ಳೇದಾಯ್ತು ನೋಡಿ, ನೆಲದ ಮೇಲೇ ಮುಗೀತು! ಬೆಳಗ್ಗೆ ಅಂಗಡಿ ತೆಗೆಯೋಕೆ ಮುಂಚೆ ಹೋದೆ, ಕುರ್ಚಿ ಮೇಲೆ ಕೂರಿಸಿ ಕಾಲು ಮುಟ್ಟಿ ಮುಟ್ಟಿ ನೋಡಿದ್ಳು. ಒಳ್ಳೇ ಹುಡುಗಿ."

ಬೆಳಗ್ಗೆ. ಕೂತ ಕಾಲು. ನನ್ನ ಕುತ್ತಿಗೆಯ ಮೇಲೆ ಅವನ ಕ್ಷೌರದ ಕತ್ತಿ ಇತ್ತು, ಅಲುಗಾಡದೆ ಕೂತೆ.

ಹೇಳುವುದಾಗಿದ್ದರೆ ಆಗಲೇ ಹೇಳಬಹುದಿತ್ತು. ಆದರೆ ಇವನು ಈ ವಿಷಯ ಯಾಕೆ ಎತ್ತಿದ? ಮ್ಯಾನೇಜರ್ ಕೂಡ ಇಲ್ಲೇ ಕೂದಲು ಕತ್ತರಿಸಿಕೊಳ್ಳುವುದು. ನಾನು ಏನಾದರೂ ಬಾಯಿ ಬಿಡುತ್ತೇನೋ ಎಂದು ಇವನ ಮೂಲಕ ಕೆದಕುತ್ತಿರಬಹುದು. ಬಾಯಿ ಬಿಟ್ಟರೆ ಸಹಿ ಸುಳ್ಳಾಯಿತು, ಲೆಟರ್ ವಾಪಸ್. ಮೇ ಹದಿನೈದಕ್ಕೆ ಆಸ್ಪತ್ರೆಯಲ್ಲಿ ಸೇರಬೇಕು. ಸುಮ್ಮನಿದ್ದೆ.

ಏಪ್ರಿಲ್ 26, ಶುಕ್ರವಾರ

ಕೂದಲು ಬೆಳೆದಿರಲಿಲ್ಲ, ಆದರೂ ಹೋದೆ. ಹೊಸ ಶೂ ಹಾಕಿಕೊಂಡಿದ್ದ.

"ಹೇಗಿದೆ?"

"ಹೂವು ಮೇಸ್ತ್ರಿ! ಹಾಕಿದ್ದೇ ಗೊತ್ತಾಗಲ್ಲ."

ಅವನಿಗೆ ಯಾವುದು ತಾನೇ ಗೊತ್ತಾಗುತ್ತದೆ? ಕನ್ನಡಿಯಲ್ಲಿ ನನ್ನ ಮುಖ ನೋಡಬೇಕಾದವನು ನಾನು ಅವನ ಕಾಲನ್ನೇ ನೋಡಿದೆ. ಬಲಗಾಲಿನ ಕಿರುಬೆರಳಿನ ಮೇಲೆ ಶೂವಿನ ಚರ್ಮ ಡೊಳ್ಳಿನ ಹಾಗೆ ಎಳೆದು ನಿಂತಿತ್ತು. ಒಂದು ನೂಲು.

"ದಿನಾ ಸಂಜೆ ಶೂ ಬಿಚ್ಚಿ ಕಾಲು ನೋಡ್ಕೊಳ್ಳಿ," ಅಂದೆ. "ಬೆರಳ ಸಂದೀಲಿ, ಪಕ್ಕದಲ್ಲಿ, ಎಲ್ಲ."

"ಬಗ್ಗಿದ್ರೆ ಹೊಟ್ಟೆ ಅಡ್ಡ ಬರುತ್ತೆ. ನೀವೇ ಬಂದು ನೋಡಿ," ಎಂದು ನಕ್ಕ.

ಎಚ್ಚರಿಕೆ ಹೇಳಿದ್ದೇನೆ. ದಿನಾಂಕ ಬರೆದಿಟ್ಟಿದ್ದೇನೆ.

ಏಪ್ರಿಲ್ 27, ಶನಿವಾರ

ಬರೆಯುವಂಥದ್ದು ಏನೂ ಇಲ್ಲ.

ಮೇ 4, ಶನಿವಾರ

ಕಟಿಂಗ್ ಶಾಪ್ ಬಾಗಿಲು ಹಾಕಿತ್ತು. ಪಕ್ಕದ ಗಡಿಯಾರ ರಿಪೇರಿಯವನು ಆಸ್ಪತ್ರೆ ಅಂದ. ಹೋದೆ. ಅವನ ಹೆಂಡತಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮೊನ್ನೆ ಸಾಕ್ಸು ಒಗೆಯಲು ತೆಗೆದಾಗ ಅಂಟಿಕೊಂಡಿತ್ತಂತೆ, ಎಳೆದು ನೋಡಿದರೆ ಕಿರುಬೆರಳು ಕಪ್ಪಾಗಿತ್ತಂತೆ.

"ಒಂದು ದಿನಾನೂ ನೋವು ಅಂದಿಲ್ಲ ಅಣ್ಣ," ಎಂದು ನನಗೇ ಸಮಾಧಾನ ಹೇಳುವವಳ ಹಾಗೆ ಹೇಳಿದಳು.

ಮೇ 6, ಸೋಮವಾರ

ಬೆರಳು ತೆಗೆದರು.

ಅವನು ಹಾಸಿಗೆಯಲ್ಲಿ ಒರಗಿಕೊಂಡು, "ಒಂಬತ್ತಕ್ಕೆ ಇಳಿದೆ ಮೇಸ್ತ್ರಿ. ಮತ್ತೆ ಅಳತೆ ತಗೋಬೇಕು," ಅಂದ. ನಾನು ನಗಲಿಲ್ಲ ಎಂದು ಅವನೂ ನಿಲ್ಲಿಸಿದ. ಆಮೇಲೆ ಹುಡುಗಿಯನ್ನು ಬೈಯಲು ಶುರು ಮಾಡಿದ. ಕಣ್ಣು ಕಾಣದವಳು, ಕಾಲು ಮುಟ್ಟಲು ಯೋಗ್ಯತೆ ಇಲ್ಲದವಳು, ಹಾಳಾಗಿ ಹೋಗಲಿ. ಅವನ ಹೆಂಡತಿ ಕಂಪನಿಗೆ ಹೋಗಿ ಕೂಗಾಡಿ ಬಂದಿದ್ದಾಳೆ. ಹುಡುಗಿಯನ್ನು ಕೆಲಸದಿಂದ ನಿಲ್ಲಿಸಿ, ನಾಳಿದ್ದು ಬುಧವಾರ ವಿವರಣೆ ಕೊಡು ಎಂದಿದ್ದಾರಂತೆ.

ನಾನು ಹಣ್ಣು ಕೊಟ್ಟು ಎದ್ದು ಬಂದೆ. ಹಣ್ಣು! ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಯಾರ ಮೇಲೆ ಹಾಕಲಿ ಎಂದು ದಿನವಿಡೀ ಹುಡುಕಿದೆ. ಕೂರಿಸಿ ಚಹಾ ಕೊಟ್ಟ ಮ್ಯಾನೇಜರ್, ಕೇಳದ್ದನ್ನು ಹೇಳಬೇಡಿ ಅಂದ ಭಾವಮೈದ, ಬಗ್ಗಿ ಕಾಲು ನೋಡಿಕೊಳ್ಳದ ಇವನು. ಒಬ್ಬೊಬ್ಬರನ್ನೂ ಎತ್ತಿ ನೋಡಿ ಕೆಳಗಿಟ್ಟೆ. ಅವಳು ಕೇಳಿದ್ದಳು. ಎರಡು ಸಲ ಕೇಳಿದ್ದಳು.

ಮೇ 7, ಮಂಗಳವಾರ

ಅವನಿಗೆ ಹೇಳಿದೆ. ಮೆಟ್ಟಿಲು, ನೂಲು, ಬೆಳಕು, ಎಲ್ಲ. ಏಪ್ರಿಲ್ ಹನ್ನೊಂದರಂದು ಕುರ್ಚಿಯಲ್ಲಿ ಕೂತಾಗಲೇ ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ.

ಬೈಯುತ್ತಾನೆ, ಲೋಟ ಎಸೆಯುತ್ತಾನೆ ಅಂದುಕೊಂಡಿದ್ದೆ. ಅವನು ಬ್ಯಾಂಡೇಜು ಸುತ್ತಿದ ಕಾಲನ್ನೇ ನೋಡುತ್ತ ಕೂತ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಆ ಹುಡುಗೀನ ಸುಮ್ನೆ ಬೈದ್ವಲ್ಲೇ," ಅಂದ. ಹದಿನೈದು ವರ್ಷದಲ್ಲಿ ಅವನು ನನ್ನ ಜೊತೆ ಮಾತಾಡದೆ ಕೂತದ್ದು ಇದೇ ಮೊದಲು.

ಮೇ 8, ಬುಧವಾರ

ವಿವರಣೆಗೆ ಮುಂಚೆಯೇ ಹೋಗಿ ಮ್ಯಾನೇಜರನ ಮೇಜಿನ ಮೇಲೆ ಕಾಗದ ಇಟ್ಟೆ. ಒಂಬತ್ತನೇ ಕಲಮಿನ ಪ್ರಕಾರ ಒಪ್ಪಿಸದೆ ಉಳಿಸಿಕೊಂಡಿದ್ದ ಮಾಹಿತಿ ಎಂದು ಮೇಲೆ ಬರೆದಿದ್ದೆ. ಕೆಳಗೆ ಏಳು ಸಾಲು. ಇಷ್ಟೆಲ್ಲ ಕಾಪಾಡಿದ್ದು ಏಳು ಸಾಲು.

ಓದಿ, ಎದ್ದು ಬಾಗಿಲು ಮುಚ್ಚಿದ.

"ಇದನ್ನ ಫೈಲಿಗೆ ಹಾಕಿದ್ರೆ ನೀವು ಸುಳ್ಳು ಸಹಿ ಮಾಡಿದ ಹಾಗಾಗುತ್ತೆ. ಲೆಟರ್ ವಾಪಸ್ ತಗೋಬೇಕು, ಆಸ್ಪತ್ರೆಯವ್ರಿಗೂ ತಿಳಿಸ್ಬೇಕು. ಯೋಚನೆ ಮಾಡಿ. ಆ ಹುಡುಗಿ ಇನ್ನೂ ಚಿಕ್ಕೋಳು, ಬೇರೆ ಕಡೆ ಹೇಗೋ ಸಿಗುತ್ತೆ. ನಿಮ್ಗೆ ಈ ವಯಸ್ಸಲ್ಲಿ ಸಿಗಲ್ಲ."

ಅವನ ದನಿಯಲ್ಲಿ ನಿಜವಾದ ಕಳಕಳಿ ಇತ್ತು. ಅದರ ಹಿಂದೆ ಏನಿದೆ ಎಂದು ನಾನು ಹುಡುಕಲು ಹೋಗಲಿಲ್ಲ. ಹಾಕಿ ಅಂದೆ. ಅವನು ಇನ್ನೊಂದು ಕಾಗದ ಮುಂದಿಟ್ಟ, ಸಹಿ ಮಾಡಿದೆ. ಏನಿತ್ತೆಂದು ಈಗ ನೆನಪಾಗುತ್ತಿಲ್ಲ, ಓದಲಿಲ್ಲ ಅಂತ ಕಾಣುತ್ತದೆ.

ಹೊರಗೆ ಬೆಂಚಿನ ಮೇಲೆ ಅವಳು ಪುಸ್ತಕವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ನನ್ನನ್ನು ಕಂಡು ಥಟ್ಟನೆ ಎದ್ದಳು, "ಸರ್, ನೀವೇ ಹೇಳಿ, ಬೆಳಕಲ್ಲಿ ಏನು ತಪ್ಪಾಯ್ತು?" ಅಂದಳು. ಕಣ್ಣು ಊದಿತ್ತು. ಇಷ್ಟಾದರೂ ಅವಳು ತಪ್ಪನ್ನು ದೀಪದಲ್ಲಿ ಹುಡುಕುತ್ತಿದ್ದಳು, ನನ್ನಲ್ಲಿ ಅಲ್ಲ. ನಿಂತಲ್ಲೇ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖ ನನ್ನ ಎದುರಿನಲ್ಲೇ ಬೇರೆಯಾಯಿತು.

ಮನೆಯಲ್ಲಿ ಆಸ್ಪತ್ರೆಯ ಕೆಲಸ ಹೋಯಿತು ಅಂದೆ. ನನ್ನಾಕೆ ಯಾಕೆ ಎಂದು ಕೇಳಿದಳು, ಇವಳಿಗೂ ಎಲ್ಲ ಹೇಳಿದೆ. ಹೇಳಿದ್ದು ಒಳ್ಳೆಯತನಕ್ಕೋ ಅಥವಾ ಹೊಟ್ಟೆಯಲ್ಲಿಟ್ಟುಕೊಳ್ಳಲಾರದ ಹೇಡಿತನಕ್ಕೋ ಎಂಬ ಅನುಮಾನ ನನಗೇ ಇದೆ. ಇವಳು ಊಟಕ್ಕೆ ತಟ್ಟೆ ಇಟ್ಟು, ಎದುರು ಕೂತು, ತಾನೂ ಉಂಡಳು.

ಮೇ 10, ಶುಕ್ರವಾರ

ಬೆಳಗ್ಗೆ ಒಂಬತ್ತಕ್ಕೆ ಬನ್ನಿ ಎಂದು ಅವಳು ಹೇಳಿಕಳಿಸಿದ್ದಳು. ಅವಳ ಕೆಲಸ ಉಳಿದಿದೆ. ಸಂತೋಷವಾಯಿತು, ಬಾಯಿಬಿಟ್ಟು ಹೇಳಿದೆ. ಅವಳು ಕುರ್ಚಿ ಎಳೆದು ತೋರಿಸಿದಳು.

"ಶೂ ಬಿಚ್ಚಿ ಕೂತ್ಕೊಳ್ಳಿ."

ಆರು ದೀಪಗಳ ಕೆಳಗೆ ಅರ್ಧ ಗಂಟೆ ಕೂರಿಸಿದಳು. ಆಮೇಲೆ ನನ್ನ ಎರಡೂ ಪಾದದ ಅಳತೆ ತೆಗೆದು, ಹತ್ತಿ ಅಂದಳು. ಮುಂದೆ ನಾನು, ಹಿಂದೆ ಅವಳು. ಇಷ್ಟು ವರ್ಷ ಬೇರೆಯವರು ಬೈಯುತ್ತ ಹತ್ತುವುದನ್ನು ಮೇಲೆ ಕೂತು ಕೇಳಿದ್ದೆ. ಮೂವತ್ತನೇ ಮೆಟ್ಟಿಲಲ್ಲಿ ಮಂಡಿ ಹಿಡಿಯಿತು. ಮೇಲೆ ಟೇಪು ಸುತ್ತಿದಳು.

"ಮುಕ್ಕಾಲು ನೂಲು. ಒಂದು ಅಂದಿದ್ರಿ."

"ಕೆಲವ್ರಿಗೆ ಮುಕ್ಕಾಲು ಬರುತ್ತೆ."

"ಯಾರ್ಯಾರಿಗೆ?"

"ಅದು ಗೊತ್ತಿಲ್ಲಮ್ಮ. ಬರೆದಿಡಲಿಲ್ಲ. ನಿಜವಾಗ್ಲೂ ಗೊತ್ತಿಲ್ಲ."

ಅವಳು ಅದನ್ನು ಬರೆದುಕೊಂಡು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದಳು. ಕೆಂಪು ಚುಕ್ಕೆಯವರಿಂದ ಶುರುಮಾಡಿ ಎಲ್ಲ ಸಾವಿರದ ನೂರ ನಲವತ್ತು ಜನರನ್ನೂ ಮತ್ತೆ ಕರೆಸುತ್ತಾಳಂತೆ. ಕಾರ್ಡಿನಲ್ಲಿರುವುದೆಲ್ಲ ಸರಿಯಾಗಿದೆ, ಅಷ್ಟು ಕಷ್ಟ ಬೇಡ ಎಂದೆ.

"ಇರಬಹುದು," ಅಂದಳು. "ಕೆಳಗೆ ಹೋಗಿ ಕೂತು ಮತ್ತೆ ಹತ್ತಿ."

ಒಟ್ಟು ನಾಲ್ಕು ಸಲ ಹತ್ತಿದೆ. ಕೊನೆಯ ಸಲ ಅವಳು ಟೇಪು ಎಳೆದು, ಉಸಿರು ಹಿಡಿದು ನೋಡಿ, ಪುಸ್ತಕವನ್ನು ತನ್ನ ಕಡೆಗೆ ವಾಲಿಸಿಕೊಂಡು ಬರೆದಳು.

"ಎಷ್ಟು ಬಂತು?" ಎಂದು ಕೇಳಿದೆ.

"ಅದು ಕಂಪನಿ ಮಾಹಿತಿ," ಅಂದು ಪುಸ್ತಕ ಮುಚ್ಚಿದಳು.

ನಾನು ಬಗ್ಗಿ ಶೂ ಹಾಕಿಕೊಂಡೆ. ಕಾಲು ಉಬ್ಬಿತ್ತು, ಲೇಸು ಕಟ್ಟಲು ಹೊತ್ತು ಹಿಡಿಯಿತು. ನಾಳೆ ಸಂಜೆಯೂ ಬರಬೇಕಂತೆ. ಬರುತ್ತೇನೆ ಅಂದೆ.